ಬಿಳಿ ಅನ್ನ, ಕೆಂಪು ಬೀಟ್‌ರೂಟ್, ನೀಲಿ ಮಾತ್ರೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಹೆಸರು ಕೇಳಿದರೆ ಹೊರಗಿನವರಿಗೆ ನೆನಪಾಗುವುದು ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ. ಊರಿನ ತಾಯಂದಿರಿಗೆ ಬೆಳಗಿನ ಹೊತ್ತು ಗುಡಿಯ ನೆನಪೂ ಇರುವುದಿಲ್ಲ, ಮಕ್ಕಳ ಡಬ್ಬಿಯದೇ ಚಿಂತೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಕಡೆಯೂ ಇದೇ ಕತೆ. ಮಗು ‘ಕಾನ್ವೆಂಟಿ’ಗೆ ಹೋಗುತ್ತದೆ, ಡಬ್ಬಿ ಅದಕ್ಕೆ ತಕ್ಕಂತಿರಬೇಕು.

ಕಾನ್ವೆಂಟ್ ಎಂದರೆ ಕ್ರೈಸ್ತ ಸನ್ಯಾಸಿನಿಯರು ವಾಸಿಸುವ ಮಠ. ಅವರು ನಡೆಸಿದ ಶಾಲೆಗಳಿಗೆ ಆ ಹೆಸರು ಅಂಟಿತು, ಆಮೇಲೆ ಟೈ ಕಟ್ಟಿಸುವ ಶಾಲೆಗಳೆಲ್ಲ ಕಾನ್ವೆಂಟುಗಳೇ ಆದವು. ಸಿಸ್ಟರುಗಳೇ ನಡೆಸುವ ನಿಜವಾದ ಕ್ಯಾಥೊಲಿಕ್ ಶಾಲೆಗಳಲ್ಲೂ ಓದುವ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಹಾಗಾಗಿ ಆರರಿಂದ ಎಂಟನೇ ತರಗತಿಯ ಒಂದು ಕೋಣೆಯಲ್ಲಿ ಶನಿವಾರದ ಒಪ್ಪತ್ತು, ರಂಜಾನಿನ ಉಪವಾಸ, ಕ್ರೈಸ್ತರ ತಪಸ್ಸುಕಾಲದ ನೇಮ ಮೂರೂ ಅಕ್ಕಪಕ್ಕ ಕೂತಿರುತ್ತವೆ. ಊಟದ ಬಗೆಗಿನ ನಂಬಿಕೆಗಳೂ ಅವುಗಳ ಜೊತೆಗೇ ಕೂತಿರುತ್ತವೆ. ಅವನ್ನು ಒಂದೊಂದಾಗಿ ಬಿಚ್ಚುತ್ತಾ ಹೋದಂತೆ ನನಗೆ ಕಂಡದ್ದು ಇಷ್ಟು: ನಾವು ಮಕ್ಕಳ ಆರೋಗ್ಯವನ್ನು ಹೆಚ್ಚಾಗಿ ಬಣ್ಣ ನೋಡಿ ಅಳೆಯುತ್ತೇವೆ.

“ರೊಟ್ಟಿ ಕಟ್ಟಿದ್ರ ಉಳಿದ ಹುಡುಗ್ರು ನಗ್ತಾರ್ರೀ”

ನಗುವುದು ನಿಜ. ಆದರೆ ಬಿಳಿ ಅನ್ನ ಹೆಚ್ಚು, ಜೋಳದ ರೊಟ್ಟಿ ಕಡಿಮೆ ಎಂಬ ಲೆಕ್ಕ ಪೋಷಣೆಯದಲ್ಲ, ಅಂತಸ್ತಿನದು. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಅನ್ನ ಹಬ್ಬದ ಊಟ. ಹಬ್ಬದ್ದು ದಿನಾ ಸಿಕ್ಕರೆ ಅದೇ ಏಳಿಗೆ ಎಂದುಕೊಂಡೆವು. ಪಾಲಿಶ್ ಮಾಡುವಾಗ ಅಕ್ಕಿಯ ತವುಡು ಹೋಗುತ್ತದೆ, ಅದರ ಜೊತೆಗೆ ನಾರು, ಬಿ ಗುಂಪಿನ ಜೀವಸತ್ವ, ಕಬ್ಬಿಣಾಂಶಗಳ ಬಹುಪಾಲು ಹೋಗುತ್ತದೆ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6ರ ಆಸುಪಾಸು, ಬಡವರ ಕಾಳೆಂದು ಮೂಲೆಗೆ ತಳ್ಳಿದ ಹುರುಳಿಯಲ್ಲಿ 8ಕ್ಕೂ ಹೆಚ್ಚು. ರಾಗಿಯಲ್ಲಿರುವ ಕ್ಯಾಲ್ಸಿಯಂ ಅಷ್ಟೇ ತೂಕದ ಹಾಲಿನಲ್ಲಿರುವುದಕ್ಕಿಂತ ಮೂರು ಪಟ್ಟು.

ಹಾಗೆಂದು ಈಗ ಪೇಟೆಗಳಲ್ಲಿ ಎದ್ದಿರುವ ಸಿರಿಧಾನ್ಯದ ಭಜನೆಗೂ ನಾನು ತಾಳ ಹಾಕಲಾರೆ. ದಖ್ಖನ್ನಿನ ಬಡವರಲ್ಲಿ ಜೋಳವೊಂದನ್ನೇ ಉಂಡು ಬದುಕಿದವರಿಗೆ ಪೆಲಾಗ್ರ ಎಂಬ ಚರ್ಮದ ಕಾಯಿಲೆ ಬರುತ್ತಿತ್ತು. ಹೈದರಾಬಾದಿನ ಪೋಷಣಾ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಇದನ್ನು ಅಭ್ಯಾಸ ಮಾಡಿದ್ದರು. ರೊಟ್ಟಿಯ ಜೊತೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಒಂದು ಹಿಡಿ ಹಸಿ ಸೊಪ್ಪು, ಮೊಸರು ಇದ್ದರೆ ಆ ಭಯವಿಲ್ಲ, ಯಾಕೆಂದರೆ ಪೆಲಾಗ್ರ ತರುವುದು ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆ, ಅದನ್ನು ಶೇಂಗಾ, ಕಾಳು ತುಂಬಿಕೊಡುತ್ತವೆ. ನಮ್ಮ ತಾಟಿನಲ್ಲಿ ಇವೆಲ್ಲ ಮೊದಲೇ ಇದ್ದವು. ಡಬ್ಬಿ ಬಂದ ಮೇಲೆ ತಾಟಿನ ಸುತ್ತ ಇದ್ದದ್ದೆಲ್ಲ ಉದುರಿ ಚಿತ್ರಾನ್ನವೊಂದು ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಒಣಗುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಅದಕ್ಕೆ ಚಿತ್ರಾನ್ನಕ್ಕೇ ಎರಡು ಹಿಡಿ ಶೇಂಗಾ, ಮೊಳಕೆ ಬಂದ ಹೆಸರು ಬಿದ್ದರೂ ಸಾಕು. ಯಾರೂ ನಗುವುದಿಲ್ಲ.

“ಬೀಟ್‌ರೂಟ್ ತಿಂದ್ರ ರಕ್ತ ಆಗ್ತೈತಿ”

ಬಣ್ಣದ ಮೋಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬೀಟ್‌ರೂಟಿನ ಕೆಂಪು ಬೀಟಲೇನ್ ಎಂಬ ಸಸ್ಯವರ್ಣದ್ದು, ಅದಕ್ಕೂ ರಕ್ತದ ಹಿಮೊಗ್ಲೋಬಿನ್ನಿಗೂ ಯಾವ ನಂಟೂ ಇಲ್ಲ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಮಿಗಿಂತ ಕಡಿಮೆ. ತರಕಾರಿಯಾಗಿ ಅದು ಒಳ್ಳೆಯದೇ, ಔಷಧಿಯಾಗಿ ಅಲ್ಲ.

ರಕ್ತಹೀನತೆ ಮಾತ್ರ ಸಣ್ಣ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5, ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿ ರಕ್ತಹೀನರು. ಈ ಎರಡರ ನಡುವೆ ನಿಂತಿರುವವಳು ಏಳನೇ ತರಗತಿಯ ಹುಡುಗಿ. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ, ಹುಡುಗನಿಗೆ 22 ಮಿಲಿಗ್ರಾಂ ಕಬ್ಬಿಣ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ. ಅದಕ್ಕೆ ಕಾಳು, ಸೊಪ್ಪು, ಸಜ್ಜೆ ಎಲ್ಲ ಬೇಕು. ಸಸ್ಯಮೂಲದ ಕಬ್ಬಿಣವನ್ನು ದೇಹ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ನಿಂಬೆಹಣ್ಣು, ಪೇರಲ, ನೆಲ್ಲಿಕಾಯಿಯಂಥ ಸಿ ಜೀವಸತ್ವದ ಪದಾರ್ಥ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ, ಕಾಳು ಮೊಳಕೆ ಬರಿಸಿದರೂ ಹೆಚ್ಚುತ್ತದೆ.

ಹೀರಿಕೆಯನ್ನು ಇಳಿಸುವ ಪದಾರ್ಥವೂ ಮನೆಯಲ್ಲೇ ಇದೆ, ಅದು ಚಹಾ. ನಮ್ಮ ಭಾಗದಲ್ಲಿ ಐದು ವರ್ಷದ ಕೂಸಿಗೂ ಬೆಳಗ್ಗೆ ಒಂದು ಲೋಟ ಚಹಾ, ಅದರಲ್ಲಿ ಅದ್ದಿ ತಿನ್ನಲು ಬಿಸ್ಕತ್ತು ಅಥವಾ ಒಂದು ಹಿಡಿ ಮಂಡಕ್ಕಿ. “ಹಾಲಿನ ಚಹಾ ಅಲ್ಲೇನ್ರೀ, ಹಾಲು ಹೊಟ್ಟಿಗೆ ಹೋಗ್ತೈತಿ” ಎಂಬ ಸಮಾಧಾನ ಬೇರೆ. ಚಹಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಸಕ್ಕರೆ ಬೆರೆತ ಆ ಒಂದು ಲೋಟ ಹಸಿವನ್ನೂ ಕೊಲ್ಲುತ್ತದೆ. ಮಗು ನಾಷ್ಟಾ ಬಿಟ್ಟು ಶಾಲೆಗೆ ಹೋಗುತ್ತದೆ, ಹನ್ನೊಂದಕ್ಕೆ ತೂಕಡಿಸುತ್ತದೆ, “ಓದಿನ ಕಡೆ ಲಕ್ಷ್ಯವಿಲ್ಲ” ಎಂಬ ದೂರು ಮನೆಗೆ ಬರುತ್ತದೆ. ಚಹಾ ಬಿಡಿಸಲಾಗದ ಮನೆಗಳಲ್ಲಿ ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರವಿರಲಿ.

“ಆ ನೀಲಿ ಗುಳಿಗಿ ತಗೊಂಡ್ರ ಮುಂದ ಮಕ್ಕಳಾಗಂಗಿಲ್ಲ”

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯ ಬಗ್ಗೆ ಹಬ್ಬಿದಷ್ಟು ಗಾಳಿಮಾತು ಬೇರೆ ಯಾವ ಮಾತ್ರೆಯ ಬಗ್ಗೆಯೂ ಹಬ್ಬಿಲ್ಲ. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಗುಲಾಬಿ, ಹತ್ತರಿಂದ ಹತ್ತೊಂಬತ್ತರವರಿಗೆ ನೀಲಿ. ನೀಲಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಅಷ್ಟೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಕೆಂಪು. ಅದರ ಜೊತೆ ಕಲಸಿಹೋಗದಿರಲಿ ಎಂದೇ ಹದಿಹರೆಯದವರದಕ್ಕೆ ನೀಲಿ ಬಳಿದರು. ಅನುಮಾನ ನಿಲ್ಲಲೆಂದು ಬಳಿದ ಬಣ್ಣವೇ ಇಲ್ಲಿ ಅನುಮಾನ ಹುಟ್ಟಿಸಿದೆ! ಇದು ಸಂತಾನ ತಡೆಯುವ ಮಾತ್ರೆಯಲ್ಲ. ರಕ್ತಹೀನಳಾಗಿಯೇ ಬೆಳೆದ ಹುಡುಗಿ ಮುಂದೆ ಬಸುರಾದಾಗ ಅವಳಿಗೂ ಕೂಸಿಗೂ ಅಪಾಯ ಹೆಚ್ಚು. ಅದನ್ನು ತಪ್ಪಿಸಲಿಕ್ಕೇ ಈ ಮಾತ್ರೆ.

ಭಯಕ್ಕೆ ಇನ್ನೆರಡು ಕಾರಣಗಳಿವೆ. ಮಾತ್ರೆ ನುಂಗಿದ ಮರುದಿನ ಮಲ ಕಪ್ಪಾಗುತ್ತದೆ. ದೇಹ ಹೀರದೆ ಬಿಟ್ಟ ಕಬ್ಬಿಣ ಹೊರಹೋಗುವ ಬಣ್ಣ ಅದು, ಕರುಳಿಗೆ ಏನೂ ಆಗಿಲ್ಲ. ಎರಡನೆಯದು ಹೊಟ್ಟೆ ತೊಳಸುವುದು. ಖಾಲಿ ಹೊಟ್ಟೆಗೆ ನುಂಗಿಸಿದರೆ ತೊಳಸುತ್ತದೆ, ಒಬ್ಬಳು ವಾಂತಿ ಮಾಡಿದರೆ ಸಾಲಿನ ಹತ್ತು ಜನಕ್ಕೂ ಹಾಗೇ ಅನಿಸುತ್ತದೆ. ಮಧ್ಯಾಹ್ನ ಉಂಡ ಮೇಲೆ ಶಿಕ್ಷಕರ ಮುಂದೆಯೇ ನುಂಗಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಡಬ್ಬಿಯ ಅನ್ನ ಅರ್ಧ ಉಳಿಸಿದ ಮಗುವಿಗೆ ಮಾತ್ರೆಗಿಂತ ಮೊದಲು ಊಟದ ಬಗ್ಗೆ ಕೇಳಬೇಕು. ಜ್ವರ ಬಂದ ದಿನ ಮಾತ್ರೆ ಬೇಡ. ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಾದರೆ ವೈದ್ಯರನ್ನು ಕೇಳದೆ ಕೊಡಬಾರದು.

ಹುಡುಗಿಯರ ಮಾತು ಬಂತೆಂದು ಒಂದು ಹೊಗಳಿಕೆ, ಒಂದು ದೂರು. ಮಗಳು ದೊಡ್ಡವಳಾದಾಗ ನಮ್ಮಲ್ಲಿ ಕೊಬ್ಬರಿ, ಬೆಲ್ಲ, ಉತ್ತತ್ತಿ, ಚಿಗಳಿ, ಅಂಟಿನುಂಡೆ ಮಾಡಿ ತಿನ್ನಿಸುತ್ತಾರೆ. ಎಳ್ಳು, ಬೆಲ್ಲದ ಆ ಚಿಗಳಿಗೆ ಯಾವ ಆಹಾರತಜ್ಞರೂ ಬೇಡವೆನ್ನಲಾರರು. ದೂರು ಏನೆಂದರೆ, ಈ ಉಪಚಾರ ಕೆಲವೇ ದಿನ. ಮುಟ್ಟು ಪ್ರತಿ ತಿಂಗಳೂ ಬರುತ್ತದೆ, ಚಿಗಳಿ ಮಾತ್ರ ಜೀವನದಲ್ಲಿ ಒಂದೇ ಸಲ.

“ತಪಸ್ಸುಕಾಲದಾಗ ಮಕ್ಕಳಿಗೆ ಮೊಟ್ಟೆ ಕೊಡಬಾರ್ದು”

ಬೂದಿ ಬುಧವಾರದಿಂದ ಪಾಸ್ಕ, ಅಂದರೆ ಈಸ್ಟರ್ ಹಬ್ಬದವರೆಗೆ ಗುರುಗಳು ನೇರಳೆ ವಸ್ತ್ರ ತೊಟ್ಟಿರುವ ದಿನಗಳಲ್ಲಿ ಕೆಲವು ಕ್ಯಾಥೊಲಿಕ್ ಮನೆಗಳಲ್ಲಿ ಹೀಗೆ ನಡೆಯುತ್ತದೆ. ಆದರೆ ಧರ್ಮಸಭೆಯ ಕಾನೂನೇ ಬೇರೆ ಹೇಳುತ್ತದೆ. 1983ರ ಧರ್ಮಸಭಾ ಸಂಹಿತೆಯ 1252ನೇ ವಿಧಿಯಂತೆ ಮಾಂಸ ವರ್ಜನೆಯ ನಿಯಮ ಹದಿನಾಲ್ಕು ತುಂಬಿದವರಿಗೆ, ಉಪವಾಸದ ನಿಯಮ ಹದಿನೆಂಟು ತುಂಬಿದ ಮೇಲೆ ಅರವತ್ತನೇ ವರ್ಷಕ್ಕೆ ಕಾಲಿಡುವವರೆಗೆ. ಆರನೇ, ಏಳನೇ ತರಗತಿಯ ಮಗು ಎರಡರಿಂದಲೂ ಹೊರಗೆ. ಮಾಂಸ ಬಿಡುವ ದಿನವೂ ಮೊಟ್ಟೆ, ಹಾಲು ಬಿಡಬೇಕೆಂದಿಲ್ಲ. ಮಗು ತಾನಾಗಿ ಏನಾದರೂ ತ್ಯಾಗ ಮಾಡುತ್ತೇನೆಂದರೆ ಶಾಲೆಯ ಗೇಟಿನ ಹೊರಗೆ ತೂಗಾಡುವ ಚಿಪ್ಸ್ ಪ್ಯಾಕೆಟ್ ಬಿಡಲಿ. ಅಂದಹಾಗೆ, ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಗೇಟಿನ ಮುಂದೆ ನಿಂತು ಒಮ್ಮೆ ಹೆಜ್ಜೆ ಅಳೆದು ನೋಡಿ.

ಮೊಟ್ಟೆ ಉಷ್ಣ, ಬೇಸಿಗೆಗೆ ಆಗದು ಎನ್ನುವವರು ಎಲ್ಲ ಧರ್ಮದಲ್ಲೂ ಇದ್ದಾರೆ. ಬೇಸಿಗೆಯಲ್ಲಿ ಕೆಡುವುದು ಇಟ್ಟು ಹಳಸಿದ ಮೊಟ್ಟೆ. ಚೆನ್ನಾಗಿ ಬೆಂದ ತಾಜಾ ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು, ಅದೂ ದೇಹ ಪೂರಾ ಬಳಸಿಕೊಳ್ಳುವಂಥದ್ದು. 2021ರ ಡಿಸೆಂಬರಿನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ, ಯಾದಗಿರಿ ಸೇರಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಎದ್ದ ಗದ್ದಲ ನೆನಪಿರಬಹುದು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನು ಕೊಡದ ಗದಗಿನ ಮಕ್ಕಳ ಜೊತೆ ತೂಗಿ ನೋಡಿತು. ಯಾದಗಿರಿಯವರ ತೂಕ ಹೆಚ್ಚು ಏರಿತ್ತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ್ದರಿಂದ ವಾರಕ್ಕೆ ಆರು ದಿನ ಮೊಟ್ಟೆಯಾಯಿತು. ತಿನ್ನದವರಿಗೆ ಬಾಳೆಹಣ್ಣು.

“ಬಿಸಿಯೂಟ ಸರ್ಕಾರಿ ಸಾಲಿಯವರಿಗಷ್ಟ” ಎಂಬ ಮಾತು ಇಲ್ಲೇ ತಿದ್ದಿಕೊಳ್ಳಬೇಕು. ಅನುದಾನ ಪಡೆಯುವ ಶಾಲೆ ಕ್ಯಾಥೊಲಿಕರದ್ದಾಗಲಿ, ಮಠದ್ದಾಗಲಿ, ಅಲ್ಲಿನ ಮಕ್ಕಳೂ ಬಿಸಿಯೂಟಕ್ಕೆ ಹಕ್ಕುದಾರರು. ಅನುದಾನರಹಿತ ಶಾಲೆಗೆ ಮಾತ್ರ ಅದಿಲ್ಲ. ಅಕ್ಷರ ದಾಸೋಹವೆಂಬ ಈ ಬಿಸಿಯೂಟ 2002ರ ಜೂನಿನಲ್ಲಿ ಶುರುವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ, ಉಳಿದ ಜಿಲ್ಲೆಗಳ ಜೊತೆ 2003ರ ತನಕ ಕಾಯಬೇಕಾಯಿತು. ಆರರಿಂದ ಎಂಟನೇ ತರಗತಿಯ ಮಗುವಿಗೆ ಅದರಲ್ಲಿ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಒಟ್ಟು 700 ಕಿಲೋಕ್ಯಾಲರಿ, 20 ಗ್ರಾಂ ಪ್ರೋಟೀನು ಸಿಗಬೇಕೆಂಬ ಲೆಕ್ಕವಿದೆ. ಫೀಸು ಕಟ್ಟಿ ಓದುವ ಮಗುವಿನ ಡಬ್ಬಿಯನ್ನು ಈ ತೂಕಕ್ಕೆ ಇಟ್ಟರೆ ಎಷ್ಟೋ ಮನೆಗಳು ಬೇಳೆಯಲ್ಲೇ ಸೋಲುತ್ತವೆ.

“ಬೆಲ್ಲ ತಿಂದ್ರ ಹೊಟ್ಟ್ಯಾಗ ಹುಳ ಆಗ್ತಾವ”

ಆಗುವುದಿಲ್ಲ. ಜಂತುಹುಳದ ಮೊಟ್ಟೆ ಬರುವುದು ಬಯಲಿನ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಉಗುರಿನ ಸಂದಿಗೆ. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದೇ ಒಳಬರುತ್ತದೆ. ಕೈ ತೊಳೆಯಲು ಸಾಬೂನು, ಕಾಲಿಗೆ ಚಪ್ಪಲಿ, ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆಯಲ್ಲಿ ಕೊಡುವ 400 ಮಿಲಿಗ್ರಾಮಿನ ಅಲ್ಬೆಂಡಜೋಲ್ ಮಾತ್ರೆ. ಬೆಲ್ಲದ ಮೇಲಿನ ಅಪವಾದ ತೆಗೆಯಿರಿ.

“ಹಲ್ಲು ತಿಕ್ಕದ ಹುಡುಗ, ಹಲ್ಲು ನೋಡ್ರಿ ಹೆಂಗದಾವ”

ಕೊನೆಗೆ ಕಂದು ಬಣ್ಣ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಮಿನ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದೆಂಬುದು ಭಾರತೀಯ ಮಾನಕ. ಹಲ್ಲಿನ ಎನಾಮಲ್ ಕಟ್ಟುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅದಕ್ಕಿಂತ ಹೆಚ್ಚು ಕುಡಿದರೆ ಹಲ್ಲಿನೊಳಗೇ ಕಲೆ ಕೂರುತ್ತದೆ. ಅದು ಬ್ರಷ್ಷಿಗೂ ಹೋಗದು, ಬೇವಿನ ಕಡ್ಡಿಗೂ ಹೋಗದು. ತರಗತಿಯಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು ಪರೀಕ್ಷೆ ಮಾಡುವಾಗ ಆ ಹುಡುಗನಿಗೆ ಬೈದರೆ, ಅವನ ಊರಿನ ಬೋರಿನ ತಪ್ಪಿಗೆ ಅವನಿಗೆ ಶಿಕ್ಷೆ ಕೊಟ್ಟಂತೆ. ಅವನು ಮುಂದೆ ನಗುವಾಗ ಕೈ ಅಡ್ಡ ಹಿಡಿಯಲು ಕಲಿಯುತ್ತಾನೆ.

ನೀರು ಕಾಯಿಸಿದರೆ ಸರಿಹೋಗುತ್ತದೆಂಬುದೂ ತಪ್ಪು. ಕಾಯಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಹಾಗೇ ಇರುತ್ತದೆ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಗದು. ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ನೀರಿನಂಥ ಮೇಲ್ಮೈ ನೀರಿನಲ್ಲಿ ಈ ಕಾಟ ಕಡಿಮೆ. ಅದು ಬಾರದ ಊರುಗಳಲ್ಲಿ ನಾಣ್ಯ ಹಾಕಿ ಕೊಡ ತುಂಬಿಸುವ ಶುದ್ಧ ನೀರಿನ ಘಟಕವೇ ಗತಿ. ಅಲ್ಲಿಂದ ತಂದ ನೀರನ್ನು ಕುಡಿಯಲಷ್ಟೇ ಇಟ್ಟುಕೊಂಡು ಬೇಳೆಯನ್ನು ಬೋರಿನ ನೀರಿನಲ್ಲೇ ಬೇಯಿಸಿದರೆ ಫ್ಲೋರೈಡ್ ಸಾರಿನ ಮೂಲಕ ಒಳಗೆ ಬರುತ್ತದೆ. ಶಾಲೆಯ ಬೋರಿನ ನೀರು ಪರೀಕ್ಷೆಯಾಗಿದೆಯೇ, ಫ್ಲೋರೈಡ್ ಎಷ್ಟು ಬಂತು ಎಂದು ಮುಂದಿನ ಪಾಲಕರ ಸಭೆಯಲ್ಲಿ ಕೇಳಿ. ಅಂಕಪಟ್ಟಿಯ ಮಾತು ಅದಾದ ಮೇಲೆ ಬರಲಿ.