ತೋಟದಲ್ಲಿ ಕೇಳಿದ್ದು, ಪದವಿನಲ್ಲಿ ಕಂಡದ್ದು

ವಾಮದಪದವಿನಲ್ಲಿ ಆಕಾಶಕ್ಕೆ ಎರಡು ಅಳತೆ. ಕೆಳಗೆ ಬೈಲಿನ ಅಡಿಕೆ ತೋಟದಲ್ಲಿ ನಿಂತರೆ ಸೋಗೆಗಳ ನಡುವೆ ಸಿಗುವ ಚೂರುಗಳಷ್ಟೇ. ಏರು ಹತ್ತಿ ಪದವಿಗೆ, ಎಂದರೆ ಮುರಕಲ್ಲಿನ ಬಯಲಿಗೆ ಬಂದರೆ ಮೂಡಣಕ್ಕೆ ಕುದುರೆಮುಖದ ಸಾಲು, ಅದರ ಮುಂದೆ ಒಂಟಿಯಾಗಿ ಎದ್ದ ಗಡಾಯಿಕಲ್ಲು, ತೆಂಕಣಕ್ಕೆ ಕಾರಿಂಜದ ಬಂಡೆ. ನೆತ್ತಿಗೆ ಅಡ್ಡಿಯೇ ಇಲ್ಲ. ವಿಮಾನದ ಹುಚ್ಚಿರುವವರಿಗೆ ತೊಂದರೆ ಇರುವುದು ನಡುವಿನ ಆ ಏರಿನಲ್ಲಿ. ಸದ್ದು ಕೇಳುವುದು ತೋಟದಲ್ಲಿ, ನೋಟ ಸಿಗುವುದು ಪದವಿನಲ್ಲಿ. ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ವಿಮಾನ ವೇಣೂರು ದಾಟಿರುತ್ತದೆ. ಹಾಗಾಗಿ ಇಲ್ಲಿ ಗುರುತು ಹಿಡಿಯುವ ಕೆಲಸವೆಲ್ಲ ಕಿವಿಯದ್ದು.

ದಿನದ ವಿಮಾನಗಳ ಮಾತು ಬೇರೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯ ರನ್‌ವೇ 24ಕ್ಕೆ ಇಳಿಯುವಂಥವು ಈಶಾನ್ಯದಿಂದ, ಮೂಡುಬಿದಿರೆ ಮತ್ತು ಸಿದ್ದಕಟ್ಟೆಯ ಆಸುಪಾಸಿನ ಗುಡ್ಡೆಗಳ ಮೇಲೆ ಸಾಲು ಹಿಡಿದು ಬರುತ್ತವೆ. ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರು ತಲೆ ಎತ್ತದೆ, ಕೈ ನಿಲ್ಲಿಸದೆ "ದುಬಾಯಿದು ಬಂತು" ಎನ್ನುತ್ತಾರೆ. ಅದರೊಳಗೆ ಯಾರದೋ ಮಗ ಇರುತ್ತಾನೆ, ಯಾರದೋ ಅಳಿಯ. ಸೇನೆಯ ಸಾಗಣೆ ವಿಮಾನಕ್ಕೆ ಹೊತ್ತುಗೊತ್ತಿಲ್ಲ, ಬಂಧುಬಳಗವೂ ಇಲ್ಲ. ಅದು ಬಂದಾಗ ಮಾತ್ರ ಬೀಡಿಯ ಮೊರ ಪಕ್ಕಕ್ಕೆ ಸರಿಯುತ್ತದೆ.

ಅಂಥವುಗಳಲ್ಲಿ ಸೂಪರ್ ಹರ್ಕ್ಯುಲಿಸ್ ಬರುವ ರೀತಿ ಹೇಗೆಂದರೆ, ಮೊದಲು ದೂರದಲ್ಲೆಲ್ಲೋ ಅಕ್ಕಿಯ ಮಿಲ್ಲು ಶುರುವಾದ ಹಾಗೆ ಒಂದು ಗುಂಯ್‌ಗುಡುವಿಕೆ. ಜೆಟ್ಟಿನ ಸದ್ದು ಹರಿದುಕೊಂಡು ಹೋಗುತ್ತದೆ. ಇದು ಹಾಗಲ್ಲ, ತುಂಬಿಕೊಳ್ಳುತ್ತದೆ. ಹಂಚಿನ ಮಾಡು, ಪಾತ್ರೆಯ ಕಪಾಟು ಸಣ್ಣಗೆ ಅದುರುತ್ತವೆ. ನಾಲ್ಕು ಎಂಜಿನ್, ಒಂದೊಂದಕ್ಕೂ ಆರು ಅಲಗಿನ ಪ್ರೊಪೆಲ್ಲರ್. ಪದವಿನಲ್ಲಿದ್ದವರಿಗೆ ಬೂದು ಬಣ್ಣದ ಉದ್ದ ಹೊಟ್ಟೆ ಕಾಣುತ್ತದೆ, ಬೆನ್ನಿನ ಮೇಲೆ ಸುಮಾರು 40 ಮೀಟರ್ ಅಗಲದ ನೇರ ರೆಕ್ಕೆ, ಹಿಂದೆ ಟ್ರಕ್ಕು ಒಳಗೆ ಹೋಗಲೆಂದೇ ಮೇಲಕ್ಕೆ ಸೀಳಿದಂಥ ಬಾಲದಡಿ. ಬೆಳಕು ಸರಿಯಿದ್ದರೆ ವಾಯುಪಡೆಯ ವೃತ್ತವೂ ಕಂಡೀತು: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಭಾರತಕ್ಕೆ ಈ ಜಾತಿ ಬಂದದ್ದು 2011ರಲ್ಲಿ. 2013ರ ಆಗಸ್ಟ್ 20ರಂದು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,614 ಅಡಿ ಎತ್ತರದ ನೆಲದಲ್ಲಿ ಇಳಿದದ್ದೂ ಇದೇ. ಅಷ್ಟೆಲ್ಲ ಮಾಡಿದ ವಿಮಾನ ರಬ್ಬರ್ ತೋಟದ ಮೇಲೆ ಸುಮ್ಮನೆ ಹೋಗುವಾಗ ಅವಸರವೇ ಇಲ್ಲದ ಹಾಗೆ ಕಾಣುತ್ತದೆ.

ಸಿ-17 ಗ್ಲೋಬ್‌ಮಾಸ್ಟರ್ ಇನ್ನೂ ದೊಡ್ಡದು, ಸುಮಾರು 77 ಟನ್ ಹೊರಬಲ್ಲದು. ಆದರೆ ಅದು ಜೆಟ್. ಎತ್ತರದಲ್ಲಿ ಹಾದರೆ ದುಬಾಯಿ ವಿಮಾನದ ಲೆಕ್ಕಕ್ಕೇ ಸೇರಿಬಿಡುತ್ತದೆ.

ನಮ್ಮ ಊರ ಮೇಲೆ ಏಕೆ ಎಂದು ಕೇಳುವವರು ಒಂದು ಭೂಪಟ ಬಿಡಿಸಲಿ. ಗೋವಾದ ದಾಬೋಲಿಂನಲ್ಲಿ ನೌಕಾಪಡೆಯ ಐಎನ್‌ಎಸ್ ಹಂಸ, ಕೊಚ್ಚಿಯಲ್ಲಿ ಐಎನ್‌ಎಸ್ ಗರುಡ. ಎರಡರ ನಡುವೆ ನೂಲು ಎಳೆದರೆ ಅದು ಮಂಗಳೂರಿನ ಆಸುಪಾಸಿನಲ್ಲೇ ಹಾಯುತ್ತದೆ. ಪುಣೆಯಿಂದ ವಾಯುಪಡೆಯ ದಕ್ಷಿಣ ಕಮಾಂಡ್ ಇರುವ ತಿರುವನಂತಪುರಕ್ಕೆ ಎಳೆದ ನೂಲು ಚಾರ್ಮಾಡಿಯ ಆಚೆಗಿನ ಘಟ್ಟದ ಮೇಲೆ. ಪೈಲಟ್‌ಗಳು ನೂಲು ಹಿಡಿದು ಹಾರುವುದಿಲ್ಲ, ನಿಜ. ಆದರೂ ನಾವು ದಾರಿ ಬದಿಯ ಮನೆಯವರು.

ಈಗ ಹುಡುಗರ ಕೈಯಲ್ಲಿ ಫ್ಲೈಟ್‌ರಾಡಾರ್24 ಉಂಟು. ತಲೆಯ ಮೇಲಿನ ಸದ್ದಿಗೆ ಮೊಬೈಲ್ ತೆರೆದು, ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಎಂದು ಓದುತ್ತಾರೆ. ವಿಮಾನವೇ ತನ್ನ ಸ್ಥಾನವನ್ನು ರೇಡಿಯೊದಲ್ಲಿ ಬಿತ್ತರಿಸುತ್ತಿರುವುದರಿಂದ ಇದು ಸಾಧ್ಯ. ಸೇನೆಯ ವಿಮಾನಗಳು ಎಷ್ಟೋ ಸಲ ಅದನ್ನು ಬಿತ್ತರಿಸುವುದಿಲ್ಲ. ಪರದೆಯಲ್ಲಿ ಖಾಲಿ, ಮೇಲೆ ಗುಡುಗು: ಅಷ್ಟಾದರೆ ಮಿಲಿಟರಿಯದೇ ಎಂದು ತೀರ್ಮಾನ. ನನಗಂತೂ ಈ ಸಾಕ್ಷ್ಯ ಹಿಡಿಸುತ್ತದೆ.

ವಾಯುಪಡೆಯ ಇನ್ನೊಂದು ಸಾಗಣೆ ವಿಮಾನ, ಎರಡು ಎಂಜಿನ್ನಿನ ಎಎನ್-32ರ ದನಿ ಒರಟು. ಎಂಜಿನ್‌ಗಳು ರೆಕ್ಕೆಯ ಮೇಲೆ ಎತ್ತಿ ಕೂರಿಸಿದವು, ಕೆಳಗಿನಿಂದಲೇ ಗೊತ್ತಾಗುತ್ತದೆ. 1984ರಿಂದ ದುಡಿಯುತ್ತಿರುವ ಇವುಗಳ ಒಂದು ನೆಲೆ ಕೊಯಮತ್ತೂರಿನ ಸೂಲೂರು, ಯಲಹಂಕದಲ್ಲಿ ತರಬೇತಿ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಒಂದು ಎಎನ್-32, 29 ಮಂದಿಯೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಸುಮಾರು 3,400 ಮೀಟರ್ ಆಳದಲ್ಲಿ ಅವಶೇಷ ಸಿಕ್ಕ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಅದನ್ನು ಓದಿದ ಮೇಲೆ ಆ ಒರಟು ದನಿಯನ್ನು ಬರೀ ಕುತೂಹಲದಿಂದ ಕೇಳಲು ಆಗುವುದಿಲ್ಲ.

ಹಳಬರ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. 1951ರ ಡಿಸೆಂಬರ್ 25ರಂದು ಬಜಪೆಯ ನಿಲ್ದಾಣ ಶುರುವಾದಾಗ ನೆಹರೂ ಬಂದಿಳಿದದ್ದು ಡಿಸಿ-3ರಲ್ಲಿ, ಎಂದರೆ ಎರಡನೇ ಮಹಾಯುದ್ಧದಲ್ಲಿ ಸೈನ್ಯ ಹೊತ್ತ ಡಕೋಟಾದ ತಳಿಯಲ್ಲೇ. 2017ರ ಅಕ್ಟೋಬರ್ 29ರಂದು ಪ್ರಧಾನಿ ಮೋದಿ ಧರ್ಮಸ್ಥಳಕ್ಕೆ, ಉಜಿರೆಗೆ ಬಂದಾಗ ಈ ಕಡೆಯ ಆಕಾಶ ಹೆಲಿಕಾಪ್ಟರ್‌ಗಳದ್ದಾಯಿತು. ಅದಕ್ಕೆ ಕಿವಿಯ ವಿದ್ಯೆ ಬೇಕಿಲ್ಲ. ಕೊಟ್ಟಿಗೆಯ ದನಗಳೂ ಹೇಳುತ್ತವೆ.

ಮುಂದೆ ಕಷ್ಟವಿದೆ. ಹಳೆಯ ಆವ್ರೋ ಸಾಗಣೆ ವಿಮಾನಗಳ ಜಾಗಕ್ಕೆ ವಾಯುಪಡೆ 56 ಸಿ-295 ವಿಮಾನಗಳನ್ನು ತರಿಸುತ್ತಿದೆ. ಮೊದಲನೆಯದು ಸ್ಪೇನಿನಲ್ಲಿ ಕೈಗೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, 40 ವಡೋದರಾದಲ್ಲೇ ತಯಾರಾಗಬೇಕು. ಅದರ ಎಂಜಿನ್ ಪ್ರಾಟ್ ಅಂಡ್ ವಿಟ್ನಿಯ ಪಿಡಬ್ಲ್ಯು127, ಪ್ರೊಪೆಲ್ಲರಿಗೆ ಆರು ಅಲಗು. ಬಜಪೆಗೆ ಬರುವ ಇಂಡಿಗೋದ ಎಟಿಆರ್‌ಗೂ ಅದೇ ಮನೆತನದ ಎಂಜಿನ್, ಅಲಗೂ ಆರೇ. ತೋಟದಲ್ಲಿ ಕುಳಿತು ಇದು ಅದು ಎಂದು ಹೇಳಲು ಯಾವ ಕಿವಿಗೂ ಆಗಲಿಕ್ಕಿಲ್ಲ. ಏರು ಹತ್ತಲೇಬೇಕು.