ನಂಜು, ಗುಂಜಿ ಮತ್ತು ರಸಾಯನ ಪ್ರದರ್ಶನ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳೆಂಬ ಎರಡು ಕ್ಷೇತ್ರಗಳು ಕಪಿಲಾನದಿಯ ದಡದಲ್ಲಿಯೇ ಇವೆ. ನಂಜನಗೂಡನ್ನು ದಾಟಿ ಹರಿದ ನೀರು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ನಂಜು ಎಂದರೆ ವಿಷ. ತಮಿಳು ಮಲೆಯಾಳಗಳಲ್ಲಿಯೂ ಈ ಶಬ್ದವುಂಟು. ನಂಜನ್ನು ಉಂಡವನು ನಂಜುಂಡ. ಗರಳಪುರಿ ಎಂಬ ಸಂಸ್ಕೃತನಾಮವೂ ಅದೇ ಅರ್ಥವನ್ನು ಸೂಚಿಸುತ್ತದೆ. ನರಸೀಪುರದ ಸ್ವಾಮಿಯಾದರೋ ಗುಂಜಾನರಸಿಂಹ. ಆತನ ಕೈಯಲ್ಲಿರುವುದು ಗುಲಗಂಜಿ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂಬುದು ಸ್ಥಳದವರ ನಂಬಿಕೆ. ಹೀಗೆ ಒಂದು ಊರಿನ ಹೆಸರು ವಿಷವನ್ನೂ ಇನ್ನೊಂದು ಊರಿನ ದೇವರ ಹೆಸರು ತೂಕವನ್ನೂ ನೆನಪಿಗೆ ತರುತ್ತವೆ. ರಸಾಯನಶಾಸ್ತ್ರವನ್ನು ಪ್ರಯೋಗಸಹಿತವಾಗಿ ಬೋಧಿಸುವವರು ಈ ಎರಡನ್ನೂ ಒಟ್ಟಿಗೆ ನೆನೆಯತಕ್ಕದ್ದು. ಬೆರಗುಗೊಳಿಸುವ ಪ್ರದರ್ಶನಗಳಲ್ಲಿ ಅಪಾಯವು ಎಲ್ಲಿಂದ ಹುಟ್ಟುತ್ತದೆ, ಅದನ್ನು ತಡೆಯುವುದರಲ್ಲಿ ಭಾಷಾಬೋಧಕರ ಪಾಲೇನು ಎಂಬುದನ್ನು ಇಲ್ಲಿ ವಿಚಾರಿಸಿದೆ.

ಅಕ್ಕಸಾಲೆಗಳು ಚಿನ್ನವನ್ನು ತೂಗುತ್ತಿದ್ದ ಗುಲಗಂಜಿಯ ಕಾಳು ಸುಮಾರು 0.12 ಗ್ರಾಂ ತೂಗುತ್ತದೆ. ಆ ಕಾಳಿನೊಳಗೆ ಏಬ್ರಿನ್ ಎಂಬ ಘೋರವಿಷವುಂಟು. ಇಡಿಯಾಗಿ ನುಂಗಿದರೆ ಗಟ್ಟಿಯಾದ ಸಿಪ್ಪೆಯ ದೆಸೆಯಿಂದ ಹಲವು ವೇಳೆ ಹಾನಿಯಾಗದಿರಬಹುದು. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ವಸ್ತು ಒಂದೇ ಆದರೂ ಅದರ ಪ್ರಮಾಣ, ಅದನ್ನು ಉಪಯೋಗಿಸುವ ಕ್ರಮ ಇವುಗಳಿಂದ ಫಲವು ಬೇರೆಯಾಗುತ್ತದೆ. 14ನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತು 'ಖಗೇಂದ್ರಮಣಿದರ್ಪಣ'ವನ್ನು ಬರೆದ ನಮ್ಮ ಭಾಷೆಗೆ ಈ ವಿಚಾರವು ಹೊಸದಲ್ಲ.

ಸೋಡಿಯಂ ಲೋಹದ ಪ್ರದರ್ಶನವನ್ನು ನೋಡೋಣ. ಅಕ್ಕಿಯ ಕಾಳಿನಷ್ಟು ತುಣುಕು ನೀರಿನ ಮೇಲೆ ಗುಂಡಾಗಿ ಓಡಾಡಿ, ಜಲಜನಕವನ್ನು ಹೊರಡಿಸಿ ಕರಗುತ್ತದೆ. ಅಡಕೆಯಷ್ಟು ದೊಡ್ಡ ತುಣುಕಾದರೆ ಸಿಡಿದು, ಉರಿಯುವ ಲೋಹವನ್ನೂ ಸುಡುವ ಕ್ಷಾರದ್ರವವನ್ನೂ ನೋಡುವವರ ಮುಖಕ್ಕೆ ಎರಚಬಹುದು. ವಿದ್ಯಾರ್ಥಿಯು ಕಲಿಯಬೇಕಾದ ತತ್ತ್ವವೆಲ್ಲವೂ ಮೊದಲನೆಯದರಲ್ಲಿಯೇ ಉಂಟು. ಎರಡನೆಯದರಲ್ಲಿ ಹೆಚ್ಚುವುದು ಸದ್ದು ಮತ್ತು ಗಾಯ. ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಗ್ಲಿಸರಿನನ್ನು ಹನಿಸಿ ಬೆಂಕಿಯನ್ನು ಬರಿಸುವ ಪ್ರಯೋಗವು ಪವಾಡಗಳ ರಹಸ್ಯವನ್ನು ಬಯಲುಮಾಡುವ ಕಾರ್ಯಕ್ರಮಗಳಿಂದ ನಮ್ಮ ಶಾಲೆಗಳಿಗೆ ಸುಪರಿಚಿತವಾಗಿದೆ. ಅದರಲ್ಲಿ ಬೆಂಕಿಯು ಕೂಡಲೇ ಏಳುವುದಿಲ್ಲ. ಹರಳಿನ ನುಣುಪನ್ನೂ ಸೆಕೆಯನ್ನೂ ಅನುಸರಿಸಿ ತಡವಾಗುತ್ತದೆ. ಏಕೆ ಹತ್ತಲಿಲ್ಲವೆಂದು ಬೋಧಕನು ಬಗ್ಗಿ ನೋಡುವ ಗಳಿಗೆಯೇ ಅದು ಹತ್ತುವ ಗಳಿಗೆಯಾಗಬಹುದು.

ಮೆಥನಾಲಿನಲ್ಲಿ ಲವಣಗಳನ್ನು ಕರಗಿಸಿ ಬಣ್ಣಬಣ್ಣದ ಜ್ವಾಲೆಗಳನ್ನು ತೋರಿಸುವ ಪ್ರದರ್ಶನವು ಇವೆಲ್ಲಕ್ಕಿಂತಲೂ ಕ್ರೂರವಾದುದು. ಸುಮಾರು 11 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಈ ದ್ರವದ ಆವಿಯು ಕಿಡಿಗೆ ಹತ್ತಿಕೊಳ್ಳುತ್ತದೆ. ಆದಕಾರಣ ಕಪಿಲೆಯ ದಂಡೆಯ ತರಗತಿಗಳಲ್ಲಿ ಹಗಲಿನ ಸೆಕೆಯೇ ಅದಕ್ಕೆ ಸಾಕು. ಹಗಲಬೆಳಕಿನಲ್ಲಿ ಅದರ ಜ್ವಾಲೆಯು ಬಹುಮಟ್ಟಿಗೆ ಕಾಣಿಸದು. ಆರಿತೆಂದು ತಿಳಿದು ಬಟ್ಟಲಿಗೆ ಮತ್ತೆ ಹೊಯ್ದರೆ ಬೆಂಕಿಯು ಧಾರೆಯನ್ನು ಹಿಡಿದು ಸೀಸೆಯೊಳಕ್ಕೆ ಹೋಗುತ್ತದೆ; ಸೀಸೆಯ ಬಾಯಿಂದ ಉರಿಯು ಪಿಚಕಾರಿಯಂತೆ ಚಿಮ್ಮಿ ಎದುರಿಗೆ ಕುಳಿತವರನ್ನು ಸುಡುತ್ತದೆ. ಅಮೆರಿಕದ ರೀನೋ ನಗರದ ಒಂದು ವಸ್ತುಸಂಗ್ರಹಾಲಯದಲ್ಲಿ 2014ನೆಯ ಸೆಪ್ಟೆಂಬರ್ 3ರಂದು ಇಂಥ ಪ್ರದರ್ಶನದಲ್ಲಿ 13 ಮಂದಿ ಗಾಯಗೊಂಡರು. ಕೆಲವು ಹನಿಗಳ ಕೆಲಸಕ್ಕೆ 4 ಲೀಟರಿನ ಸೀಸೆಯನ್ನು ಬೆಂಕಿಯ ಬಳಿಗೆ ತಂದುದು ಅಲ್ಲಿನ ಅನರ್ಥಕ್ಕೆ ಕಾರಣ. ಅದೇ ವರ್ಷ ಅಮೆರಿಕದ ರಸಾಯನಸಂಘದ ಸುರಕ್ಷತಾಸಮಿತಿಯು ತೆರೆದ ಮೇಜಿನ ಮೇಲೆ ಸುಡುವ ದ್ರವಗಳಿಂದ ಈ ಪ್ರದರ್ಶನವನ್ನು ಮಾಡಕೂಡದೆಂದು ತಿಳಿಸಿತು. ಇದರಿಂದ ಬಣ್ಣಗಳನ್ನು ಕಳೆದುಕೊಳ್ಳಬೇಕಾಗಿಲ್ಲ. ಅಡುಗೆಯುಪ್ಪಿನ ನೀರಿನಲ್ಲಿ ನೆನಸಿದ ಕಡ್ಡಿಯು ಬರ್ನರಿನ ಜ್ವಾಲೆಯಲ್ಲಿ ಹಳದಿಯನ್ನೂ, ಮೈಲುತುತ್ತದ ನೀರಿನ ಕಡ್ಡಿಯು ಹಸುರನ್ನೂ ತೋರಿಸುತ್ತವೆ.

ಇನ್ನು ಮಾತಿನ ವಿಷಯ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡವು ಶಾಸ್ತ್ರವನ್ನು ನುಡಿಯಬಲ್ಲುದೆಂಬುದು ಸಿದ್ಧವಾಗಿದೆ. ನುಡಿಯು ನಿಷ್ಕೃಷ್ಟವಾಗಿರಬೇಕೆಂಬುದು ಮಾತ್ರ ಇಂದಿಗೂ ಉಳಿದಿರುವ ಹೊಣೆ. ಗಂಧಕಾಮ್ಲವನ್ನು ತೆಳುಮಾಡುವ ವಿಧಿಯನ್ನು ಪರಿಶೀಲಿಸಿರಿ. 'ನೀರಿಗೆ ಆಮ್ಲವನ್ನು ಮೆಲ್ಲಮೆಲ್ಲನೆ ಹೊಯ್ಯಬೇಕು' ಎಂಬುದು ಸರಿ. 'ಆಮ್ಲಕ್ಕೆ ನೀರನ್ನು' ಎಂದರೆ, ಭಾರವಾದ ಆಮ್ಲದ ಮೇಲೆ ನಿಂತ ನೀರು ತತ್‌ಕ್ಷಣ ಕುದಿದು ಆಮ್ಲಸಮೇತ ಎಗರುತ್ತದೆ. ಎರಡು ವಾಕ್ಯಗಳಿಗೂ ಇರುವ ವ್ಯತ್ಯಾಸವೆಲ್ಲ ಚತುರ್ಥೀ ದ್ವಿತೀಯಾ ವಿಭಕ್ತಿಗಳ ಸ್ಥಾನದಲ್ಲಿಯೇ ಇದೆ. 'ಆಮ್ಲ ನೀರುಗಳನ್ನು ಬೆರಸಿರಿ' ಎಂಬ ದ್ವಂದ್ವಸಮಾಸವು ಕಿವಿಗೆ ಇಂಪಾದರೂ ಯಾವುದು ಯಾವುದಕ್ಕೆ ಎಂಬುದನ್ನು ಮರೆಸುತ್ತದೆ. ವಿಧಿವಾಕ್ಯದಲ್ಲಿ ಅದು ತ್ಯಾಜ್ಯ.

'ಸ್ವಲ್ಪ', 'ಸಾಕಷ್ಟು', 'ಚಿಟಿಕೆ' ಎಂಬ ಮಾತುಗಳೂ ಹಾಗೆಯೇ; ಅವುಗಳ ಸ್ಥಾನದಲ್ಲಿ ಗ್ರಾಂ, ಮಿಲಿಲೀಟರುಗಳಿರಬೇಕು. ಬರಿಯ 'ಸೋಡಾ' ಎಂದರೆ ಅಡುಗೆ ಸೋಡಾವೆಂದೂ, ಚರ್ಮವನ್ನು ಸುಡುವ ಕಾಸ್ಟಿಕ್ ಸೋಡಾವೆಂದೂ ಅರ್ಥವಾಗಬಹುದು. ಬರಿಯ 'ಸುಣ್ಣ' ಎಂದರೆ, ನೀರು ಸೋಕಿದೊಡನೆ ಕುದಿಯುವಂತೆ ಕಾಯುವ ಸುಟ್ಟ ಸುಣ್ಣವೋ ಎಲೆಗೆ ಹಚ್ಚುವ ಸುಣ್ಣವೋ ತಿಳಿಯದು. 'ಸ್ಪಿರಿಟ್' ಎಂಬುದರ ಸಂದಿಗ್ಧತೆಯನ್ನು ಹೇಳಬೇಕಾದುದೇ ಇಲ್ಲ. ಶಾಸ್ತ್ರಗ್ರಂಥದ ಕರಡನ್ನು ತಿದ್ದುವ ಕನ್ನಡ ಪಂಡಿತರು ಇಂಥ ಎಡೆಗಳಲ್ಲಿ ನಿಂತು ಲೇಖಕನನ್ನು ಪ್ರಶ್ನಿಸಿದರೆ, ಅದು ಶೈಲಿಯ ತಿದ್ದುಪಡಿಯಷ್ಟೇ ಆಗದೆ ಮಕ್ಕಳ ಕಣ್ಣಿನ ರಕ್ಷಣೆಯೂ ಆಗುತ್ತದೆ.

ಪ್ರದರ್ಶನಮಾಡುವ ಬೋಧಕನು ಮೊದಲು ಏಕಾಂತದಲ್ಲಿ ಅದನ್ನು ಮಾಡಿ ನೋಡಿರಬೇಕು. ತಾನೂ ವಿದ್ಯಾರ್ಥಿಗಳೂ ಕಣ್ಣಿಗೆ ರಕ್ಷಾಕನ್ನಡಕವನ್ನು ಧರಿಸಬೇಕು. ಮೊದಲ ಸಾಲಿಗೂ ಮೇಜಿಗೂ ನಡುವೆ ಅಂತರವೂ ತಡೆಯೂ ಇರಬೇಕು. ಬೆಂಕಿಯನ್ನು ಹೊತ್ತಿಸುವುದಕ್ಕೆ ಮುಂಚೆ ಸುಡುವ ದ್ರವದ ಸೀಸೆಯನ್ನು ಮುಚ್ಚಿ ಕೋಣೆಯಿಂದ ಹೊರಗಿಡಬೇಕು. ಮರಳೂ ಹರಿಯುವ ನೀರೂ ಕೈಗೆ ಸಿಕ್ಕುವಂತಿರಬೇಕು. ಬೆಂಕಿಯು ಸುಟ್ಟ ಭಾಗವನ್ನು 20 ನಿಮಿಷ ತಣ್ಣೀರಿನ ಧಾರೆಯಲ್ಲಿ ಹಿಡಿಯುವುದೂ, ಆಮ್ಲವು ಬಿದ್ದ ಕಣ್ಣನ್ನು ಕಡಮೆಯೆಂದರೆ 15 ನಿಮಿಷ ನೀರಿನಿಂದ ತೊಳೆಯುವುದೂ ವೈದ್ಯನಲ್ಲಿಗೆ ಹೋಗುವ ಮೊದಲು ನಡೆಯತಕ್ಕವು. ಇಷ್ಟನ್ನು ಒದಗಿಸಲಾಗದ ಶಾಲೆಯಲ್ಲಿ ಆ ಪ್ರದರ್ಶನವನ್ನು ಬಿಟ್ಟು, ಅದೇ ತತ್ತ್ವವನ್ನು ತೋರಿಸುವ ಇನ್ನೊಂದನ್ನು ಆರಿಸಿಕೊಳ್ಳುವುದೇ ವಿವೇಕ.

ಮಕ್ಕಳ ಬೆರಗು ವಸ್ತುವಿನ ಮಾರ್ಪಾಟಿನಿಂದ ಹುಟ್ಟುವುದು. ಅದಕ್ಕೆ ಒಂದು ಗುಂಜಿಯಷ್ಟು ದ್ರವ್ಯವೂ ಹಲವು ವೇಳೆ ಸಾಕು. ನಂಜನ್ನು ಉಂಡು ಕಂಠದಲ್ಲಿಯೇ ನಿಲ್ಲಿಸಿಕೊಂಡವನು ದೇವರು. ಆ ಸಾಮರ್ಥ್ಯವಿಲ್ಲದ ನಾವು ಮೊದಲು ತೂಗಿ, ಆಮೇಲೆ ಬೆರಸತಕ್ಕದ್ದು.