ದಮ್ಮು ಕಟ್ಟಿದರೆ ಮುಚ್ಚಿಡುವುದು ಯಾಕೆ?

ಮಳೆಗಾಲ ಶುರುವಾದರೆ ಸಾಕು, ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ರಾತ್ರಿ ಎರಡು ಮೂರು ಗಂಟೆಗೆ ಒಂದು ಕೋಣೆಯ ಲೈಟು ಉರಿಯುತ್ತದೆ. ಉಮ್ಮ ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಊರಿ, ಮುಂದಕ್ಕೆ ಬಾಗಿ ಉಸಿರೆಳೆಯುತ್ತಿರುತ್ತಾರೆ. ಎದೆಯೊಳಗಿಂದ ಸಿಳ್ಳೆ ಹಾಕಿದ ಹಾಗೆ ಸದ್ದು. ಮಗ ಬಂದು ಕೇಳಿದರೆ ಉತ್ತರ ಒಂದೇ: "ಏನಿಲ್ಲ ಮೋನೆ, ಸ್ವಲ್ಪ ಶೀತ. ಬೆಳಿಗ್ಗೆ ಸರಿ ಹೋಗ್ತದೆ, ನೀನು ಮಲಗು." ಬೆಳಿಗ್ಗೆ ಸರಿ ಹೋದ ಹಾಗೆ ಕಾಣುತ್ತದೆ ಕೂಡ. ಎರಡು ದಿನ ಕಳೆದರೆ ಮತ್ತೆ ಅದೇ ಕತೆ.

ಶುಗರ್, ಬಿಪಿ ಇದ್ದರೆ ನಾವು ಮದುವೆ ಹಾಲ್‌ನಲ್ಲೂ ಹೇಳಿಕೊಳ್ಳುತ್ತೇವೆ. ದಮ್ಮು ಇದ್ದರೆ ಮಾತ್ರ ಬಾಯಿ ಬಿಡುವುದಿಲ್ಲ. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿ ಇನ್‌ಹೇಲರನ್ನು ಕಪಾಟಿನ ಬಟ್ಟೆಯ ಅಡಿಯಲ್ಲಿ ಇಡುತ್ತಾಳೆ. ಗಂಡನ ಮನೆಗೆ ಹೋದ ಮೇಲೆ ಅದನ್ನು ಬಳಸುವುದನ್ನೇ ಬಿಡುತ್ತಾಳೆ. "ಅದು ಕೊನೆಯ ಮದ್ದು, ಒಮ್ಮೆ ಶುರು ಮಾಡಿದರೆ ಬಿಡ್ಲಿಕ್ಕಾಗುದಿಲ್ಲ" ಎಂಬ ಮಾತು ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಈ ಒಂದು ತಪ್ಪು ತಿಳಿವಳಿಕೆ ಜೀವಕ್ಕೇ ಎರವಾಗಬಹುದು. ಆದ್ದರಿಂದ ಈ ವಾರ ಉಸಿರಿನ ಬಗ್ಗೆ ಸ್ವಲ್ಪ ಮಾತಾಡೋಣ.

ಉಸಿರು ಒಳಗೆ ಹೋದ ಮೇಲೆ

ಆರೋಗ್ಯವಂತ ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದು ಸಲಕ್ಕೆ ಒಳಗೆ ಹೋಗುವ ಗಾಳಿ ಸುಮಾರು ಅರ್ಧ ಲೀಟರ್. ಎದೆ ಮತ್ತು ಹೊಟ್ಟೆಯ ನಡುವೆ ಕೊಡೆಯ ಹಾಗೆ ಹರಡಿದ ವಪೆ ಎಂಬ ಸ್ನಾಯು ಕೆಳಗೆ ಇಳಿದಾಗ ಎದೆಗೂಡು ದೊಡ್ಡದಾಗಿ ಗಾಳಿ ಒಳಗೆ ಬರುತ್ತದೆ. ವಪೆ ಸಡಿಲವಾಗಿ ಮೇಲೆ ಬಂದಾಗ ಗಾಳಿ ಹೊರಗೆ ಹೋಗುತ್ತದೆ.

ಮೂಗು ಈ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವ ಕೊಟ್ಟು ಕಳಿಸುತ್ತದೆ. ಅಲ್ಲಿಂದ ಶ್ವಾಸನಾಳ. ಅದು ಎರಡು ಕವಲಾಗಿ ಬಲ, ಎಡ ಶ್ವಾಸಕೋಶಗಳಿಗೆ ಹೋಗಿ, ಮರದ ಕೊಂಬೆಗಳ ಹಾಗೆ ಮತ್ತೆ ಮತ್ತೆ ಕವಲೊಡೆಯುತ್ತದೆ. ಕೊನೆಯಲ್ಲಿ ಇರುವುದು ಪುಟ್ಟ ಪುಟ್ಟ ಗಾಳಿಚೀಲಗಳು, ಒಟ್ಟು 30 ಕೋಟಿಗೂ ಹೆಚ್ಚು. ಅವುಗಳ ಗೋಡೆ ಎಷ್ಟು ತೆಳುವೆಂದರೆ ಆಮ್ಲಜನಕ ನೇರವಾಗಿ ರಕ್ತಕ್ಕೆ ಇಳಿಯುತ್ತದೆ, ರಕ್ತದಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ.

ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಡನೆ ಸೇರಿ ಎಡಭಾಗಕ್ಕೆ ಬರುತ್ತದೆ ಎಂಬುದನ್ನು 13ನೇ ಶತಮಾನದಲ್ಲೇ ಬರೆದಿಟ್ಟವರು ಇಬ್ನ್ ಅನ್ನಫೀಸ್. ದಮಾಸ್ಕಸ್‌ನಲ್ಲಿ ವೈದ್ಯಶಾಸ್ತ್ರ ಕಲಿತು ಕೈರೋದಲ್ಲಿ ವೈದ್ಯರಾಗಿದ್ದು, 1288ರಲ್ಲಿ ಅಲ್ಲೇ ತೀರಿಕೊಂಡವರು. ಯುರೋಪಿನಲ್ಲಿ ವಿಲಿಯಂ ಹಾರ್ವೆ ರಕ್ತ ಪರಿಚಲನೆಯ ಪುಸ್ತಕ ಹೊರತಂದದ್ದು 1628ರಲ್ಲಿ. ಉಸಿರಿನ ವಿದ್ಯೆ ನಮಗೆ ಹೊರಗಿನದ್ದಲ್ಲ ಎಂದು ನೆನಪಿಸಲು ಇಷ್ಟು ಹೇಳಿದೆವು.

ಅಸ್ತಮಾದಲ್ಲಿ ಆಗುವುದೇನು?

ನಾವು ದಮ್ಮು, ಉಬ್ಬಸ ಎನ್ನುವುದು ಹೆಚ್ಚಾಗಿ ಅಸ್ತಮಾವನ್ನು. ಇದರಲ್ಲಿ ಗಾಳಿ ಹೋಗುವ ಸಣ್ಣ ಕೊಳವೆಗಳ ಒಳಗೋಡೆ ಊದಿಕೊಂಡಿರುತ್ತದೆ. ಧೂಳು, ಹೊಗೆ, ಬೂಷ್ಟು, ಶೀತ, ಏನೋ ಒಂದು ತಾಗಿದ ಕೂಡಲೇ ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ತುಂಬುತ್ತದೆ. ಮುಖ್ಯವಾಗಿ ಉಸಿರು ಹೊರಗೆ ಬಿಡಲು ಕಷ್ಟ. ಆಗ ಆ ಸಿಳ್ಳೆಯ ಸದ್ದು. ಕೆಲವರಿಗೆ ಸದ್ದೇ ಇರುವುದಿಲ್ಲ, ರಾತ್ರಿ ಅಥವಾ ನಸುಕಿಗೆ ಬಿಡದ ಒಣ ಕೆಮ್ಮು ಮಾತ್ರ.

ಇಲ್ಲಿ ಒಂದು ಮಾತು ಗಮನಿಸಬೇಕು. ದಮ್ಮು ಇಳಿದ ಮಾತ್ರಕ್ಕೆ ಊತ ಇಳಿದಿರುವುದಿಲ್ಲ. ಬಿಗಿದ ಸ್ನಾಯು ಸಡಿಲಾಗಿದೆ, ಅಷ್ಟೆ. ಅದಕ್ಕಾಗಿಯೇ ಮದ್ದಿನಲ್ಲಿ ಎರಡು ಬಗೆ. ಒಂದು, ದಮ್ಮು ಬಂದಾಗ ಬೇಗ ಆರಾಮ ಕೊಡುವುದು. ಇನ್ನೊಂದು, ದಿನಾಲೂ ತೆಗೆದುಕೊಂಡು ಊತವನ್ನೇ ಇಳಿಸುವುದು. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಮಾತ್ರ ಇಟ್ಟುಕೊಂಡು, "ಈಗ ಚೆನ್ನಾಗಿದ್ದೇನಲ್ಲ" ಎಂದು ಎರಡನೆಯದನ್ನು ನಿಲ್ಲಿಸುತ್ತಾರೆ. ಆರಾಮದ ಮದ್ದು ಒಂದನ್ನೇ ನಂಬಿ ಕೂರಬಾರದು, ಊತ ಇಳಿಸುವ ಮದ್ದೂ ಜೊತೆಗೆ ಬೇಕು ಎಂದು ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ ರೂಪಿಸುವ 'ಜೀನಾ' 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ.

ಮಾತ್ರೆಯೋ, ಇನ್‌ಹೇಲರೋ?

"ಇನ್‌ಹೇಲರ್ ಸ್ಟ್ರಾಂಗ್, ಮಾತ್ರೆ ಸಾಕು" ಎನ್ನುವವರು ಈ ಲೆಕ್ಕ ನೋಡಬೇಕು. ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 2 ಅಥವಾ 4 ಮಿಲಿಗ್ರಾಂ ಮದ್ದು ಇರುತ್ತದೆ. ಅದೇ ಮದ್ದಿನ ಇನ್‌ಹೇಲರ್‌ನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ಅಂದರೆ 4 ಮಿಲಿಗ್ರಾಂನ ಒಂದು ಮಾತ್ರೆ 40 ಪಫ್‌ಗೆ ಸಮ! ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಆಮೇಲೆ ಎದೆಗೆ ಬರುತ್ತದೆ. ಕೈ ನಡುಗುವುದು, ಎದೆ ಡವಡವ ಎನ್ನುವುದು ಅದರಿಂದಲೇ. ಇನ್‌ಹೇಲರ್ ಬೇಕಾದ ಜಾಗಕ್ಕೆ ಬೇಕಾದಷ್ಟೇ ಮುಟ್ಟಿಸುತ್ತದೆ. ಇದು ಕೊನೆಯ ಮದ್ದಲ್ಲ, ಮೊದಲ ಮದ್ದು. ಚಟವೂ ಆಗುವುದಿಲ್ಲ. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಡಾಕ್ಟರೇ ಪ್ರಮಾಣ ಕಡಿಮೆ ಮಾಡುತ್ತಾರೆ. ಗರ್ಭಿಣಿಯರೂ ತಾವಾಗಿಯೇ ನಿಲ್ಲಿಸಬಾರದು. ಹೊಟ್ಟೆಯಲ್ಲಿರುವ ಮಗುವಿಗೆ ಮದ್ದಿಗಿಂತ ಹೆಚ್ಚು ಅಪಾಯ ತಾಯಿಯ ದಮ್ಮಿನಿಂದ.

ಆದರೆ ಬಳಸುವ ಕ್ರಮ ಸರಿ ಇರಬೇಕು. ಇನ್‌ಹೇಲರ್ ಅಲ್ಲಾಡಿಸಿ, ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ. ತುಟಿ ಬಿಗಿಯಾಗಿ ಹಿಡಿದು, ನಿಧಾನಕ್ಕೆ ಎಳೆಯಲು ಶುರು ಮಾಡುವಾಗಲೇ ಒತ್ತಿ. ಎಳೆದ ಮೇಲೆ 10 ಸೆಕೆಂಡ್ ಉಸಿರು ಹಿಡಿಯಿರಿ. ಮಕ್ಕಳಿಗೆ, ವಯಸ್ಸಾದವರಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿ ಕೊಟ್ಟರೆ ಸುಲಭ. ಸ್ಟಿರಾಯ್ಡ್ ಇರುವ ಇನ್‌ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಿಯಲ್ಲಿ ಬಿಳಿ ಹುಣ್ಣು ಬರಬಹುದು.

ನಮ್ಮ ಮನೆಯ ಹೊಗೆ

ಗಾಳಿ ಕೆಟ್ಟಿದೆ ಎಂದರೆ ನಾವು ಹೈವೇಯ ಲಾರಿ ತೋರಿಸುತ್ತೇವೆ. ಮನೆಯೊಳಗೂ ಒಮ್ಮೆ ನೋಡಬೇಕು. ಬಚ್ಚಲಿನ ಒಲೆಗೆ ಹಾಕುವ ತೆಂಗಿನ ಸಿಪ್ಪೆ, ಗೆರಟೆಯ ಹೊಗೆ. ಮೌಲಿದ್ ದಿನ ಮುಚ್ಚಿದ ಕೋಣೆಯಲ್ಲಿ ಹಾಕುವ ಸಾಂಬ್ರಾಣಿ, ಊದ್. ರಾತ್ರಿಯಿಡೀ ಉರಿಯುವ ಸೊಳ್ಳೆ ಬತ್ತಿ. ಮಳೆಗಾಲದಲ್ಲಿ ಗೋಡೆಗೆ, ಹಾಸಿಗೆಗೆ ಹಿಡಿಯುವ ಬೂಷ್ಟು. ಇನ್ನು ಬೀಡಿ. ನಮ್ಮ ಎಷ್ಟೋ ಉಮ್ಮಂದಿರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ, ಮದುವೆ ಮಾಡಿಸಿದ್ದಾರೆ. ಆ ದುಡಿಮೆಗೆ ಗೌರವ ಕೊಟ್ಟೇ ಹೇಳುತ್ತೇವೆ, ಹೊಗೆಸೊಪ್ಪಿನ ಪುಡಿ ಎದೆಗೆ ಒಳ್ಳೆಯದಲ್ಲ. ಗಾಳಿ ಆಡುವ ಜಾಗದಲ್ಲಿ ಕೂರಿ, ಮೂಗಿಗೆ ಬಟ್ಟೆ ಕಟ್ಟಿ, ಮಗುವನ್ನು ಮೊರದ ಹತ್ತಿರ ಮಲಗಿಸಬೇಡಿ.

ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದವರಿಗೆ ಬರುವ ಇನ್ನೊಂದು ಕಾಯಿಲೆ ಸಿಒಪಿಡಿ. ಒಮ್ಮೆಯೂ ಬೀಡಿ ಮುಟ್ಟದೆ, ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರಿಗೂ ಇದು ಬರುತ್ತದೆ. ಇದರಲ್ಲಿ ಗಾಳಿಚೀಲಗಳ ಗೋಡೆಯೇ ಹಾಳಾಗುತ್ತದೆ, ಹಾಳಾದದ್ದು ಮತ್ತೆ ಬರುವುದಿಲ್ಲ. ಪಳ್ಳಿಯ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವ ಹಿರಿಯರು "ಪ್ರಾಯ ಆಯ್ತಲ್ಲ" ಎನ್ನುತ್ತಾರೆ. ಪ್ರಾಯವೋ ಕಾಯಿಲೆಯೋ ಎಂದು ಹೇಳುವುದು ಸ್ಪೈರೋಮೆಟ್ರಿ ಎಂಬ ಸರಳ ಪರೀಕ್ಷೆ. ಒಂದು ಕೊಳವೆಗೆ ಜೋರಾಗಿ ಊದಬೇಕು, ಅಷ್ಟೆ. ಸೇದುವುದನ್ನು ಯಾವ ಪ್ರಾಯದಲ್ಲಿ ಬಿಟ್ಟರೂ ಲಾಭ ಉಂಟು. ಹುಕ್ಕಾ ಬೀಡಿಗಿಂತ ವಾಸಿ ಎಂದು ನಂಬಿದ ನಮ್ಮ ಯುವಕರಿಗೂ ಒಂದು ಮಾತು: ನೀರಿನಲ್ಲಿ ಹಾದು ಬಂದ ಮಾತ್ರಕ್ಕೆ ಹೊಗೆಯ ವಿಷ ಹೋಗುವುದಿಲ್ಲ.

ಮಗುವಿನ ಉಸಿರು ಎಣಿಸಿ

ಮಕ್ಕಳಿಗೆ ಜ್ವರ, ಕೆಮ್ಮು ಬಂದಾಗ ಮಂತ್ರಿಸಿದ ನೀರು ಕೊಡುವವರು ಕೊಡಲಿ. ಆದರೆ ಜೊತೆಗೆ ಅಂಗಿ ಎತ್ತಿ, ಗಡಿಯಾರ ನೋಡಿ, ಮಲಗಿದ ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ 12 ತಿಂಗಳೊಳಗೆ 50, ಒಂದರಿಂದ 5 ವರ್ಷದೊಳಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ ಬೆಳಗಾಗುವ ತನಕ ಕಾಯಬೇಡಿ. ಇನ್ನು ದೊಡ್ಡವರಾಗಲಿ ಮಕ್ಕಳಾಗಲಿ, ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮದ್ದೂ ಉಚಿತ.

ನೋಂಬಿನ ತಿಂಗಳಲ್ಲಿ

ನಮ್ಮಲ್ಲಿ ಇನ್‌ಹೇಲರ್ ನಿಲ್ಲಿಸುವವರು ಹೆಚ್ಚು ಕಾಣುವುದು ರಮಝಾನ್‌ನಲ್ಲಿ. ದಿನಕ್ಕೆರಡು ಸಲದ ಇನ್‌ಹೇಲರನ್ನು ಹೆಚ್ಚಿನವರು ಸಹರಿಗೆ ಒಮ್ಮೆ, ಇಫ್ತಾರ್ ಆದ ಮೇಲೆ ಒಮ್ಮೆ ತೆಗೆದುಕೊಳ್ಳಬಹುದು. ರಮಝಾನ್ ಬರುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಇದನ್ನು ಕೇಳಿಕೊಳ್ಳಬೇಕು. ಹಗಲಲ್ಲಿ ಇನ್‌ಹೇಲರ್ ಎಳೆದರೆ ನೋಂಬು ಮುರಿಯುತ್ತದೆಯೇ ಎಂಬುದರಲ್ಲಿ ಉಲಮಾಗಳಿಗೆ ಎರಡು ಅಭಿಪ್ರಾಯ ಉಂಟು. ಅದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ಆದರೆ ಹಗಲಲ್ಲಿ ದಮ್ಮು ಕಟ್ಟಿದಾಗ ಇನ್‌ಹೇಲರ್ ಮುಟ್ಟದೆ ಮಗ್ರಿಬ್ ಬಾಂಗಿಗೆ ಕಾಯುವುದು ಭಕ್ತಿಯಲ್ಲ. ರೋಗಿಗೆ ನೋಂಬನ್ನು ಬೇರೆ ದಿನ ಹಿಡಿದು ತೀರಿಸುವ ರಿಯಾಯಿತಿಯನ್ನು ಕುರ್‌ಆನ್ ಕೊಟ್ಟಿದೆ. ಕಳೆದ ನೋಂಬು ಖಳಾ ವೀಟಬಹುದು, ಹೋದ ಜೀವ ಬರುವುದಿಲ್ಲ.

ತಡ ಮಾಡಬಾರದ ಹೊತ್ತು

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ದಮ್ಮು, ತುಟಿ ಅಥವಾ ಉಗುರು ನೀಲಿಯಾಗುವುದು, ಆರಾಮದ ಇನ್‌ಹೇಲರ್ ಎಳೆದರೂ ಇಳಿಯದಿರುವುದು, ಮಂಪರು ಬರುವುದು. ಇದರಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಹೊರಡಿ. ರೋಗಿಯನ್ನು ಮಲಗಿಸಬೇಡಿ, ನೇರವಾಗಿ ಕೂರಿಸಿ. ಸುತ್ತ ಗುಂಪು ಕಟ್ಟಬೇಡಿ, ಕಿಟಕಿ ತೆರೆಯಿರಿ. ದಾರಿಯುದ್ದಕ್ಕೂ ಡಾಕ್ಟರು ಹೇಳಿದ ಪ್ರಕಾರ ಇನ್‌ಹೇಲರ್ ಕೊಡುತ್ತಿರಿ. ಸದ್ದು ನಿಂತಿತೆಂದು ಸಮಾಧಾನ ಪಡಬೇಡಿ. ದಮ್ಮು ಹಾಗೇ ಇದ್ದು ಸಿಳ್ಳೆ ಮಾತ್ರ ನಿಂತರೆ ಗಾಳಿಯೇ ಹೋಗುತ್ತಿಲ್ಲ ಎಂದರ್ಥ.

ಖರ್ಚಿನ ಭಯ ಇರುವವರಿಗೆ ಕೆಲವು ಇನ್‌ಹೇಲರ್‌ಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನಮ್ಮ ಜಮಾಅತ್‌ಗಳು, ಸಂಘಟನೆಗಳು ರಕ್ತದಾನ ಶಿಬಿರ, ಶುಗರ್ ತಪಾಸಣೆ ಮಾಡುವುದರಲ್ಲಿ ಯಾವಾಗಲೂ ಮುಂದೆ. ಮುಂದಿನ ಸಲ ಸ್ಪೈರೋಮೆಟ್ರಿಯನ್ನೂ, ಇನ್‌ಹೇಲರ್ ಬಳಸುವ ಕ್ರಮ ತೋರಿಸಿ ಕೊಡುವುದನ್ನೂ ಸೇರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ರೋಗ ಬಂದರೆ ಮದ್ದು ಮಾಡಿಸಿಕೊಳ್ಳಬೇಕು ಎಂಬುದು ಪ್ರವಾದಿ (ಸ.ಅ.) ಅವರು ಕಲಿಸಿದ ದಾರಿ. ಇವತ್ತು ರಾತ್ರಿ ಉಮ್ಮನ ಕೋಣೆಯಲ್ಲಿ ಲೈಟು ಉರಿದರೆ, "ಸ್ವಲ್ಪ ಶೀತ" ಎಂಬ ಮಾತು ಕೇಳಿ ಹಿಂದೆ ಬರಬೇಡಿ. ಪಕ್ಕದಲ್ಲಿ ಕೂತು ಬೆನ್ನು ಸವರಿ, ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸೊಸೆಯ ಬ್ಯಾಗಿನಲ್ಲಿ ಇನ್‌ಹೇಲರ್ ಕಂಡರೆ, "ಮದ್ದು ಸರಿಯಾಗಿ ತಕೊಳ್ತಿದ್ದಿಯಲ್ಲ ಮೋಳೆ?" ಎಂದು ಕೇಳಿ. ಕಪಾಟಿನ ಬಟ್ಟೆಯ ಅಡಿಯಲ್ಲಿರುವ ಇನ್‌ಹೇಲರ್ ಮೇಜಿನ ಮೇಲೆ ಬರಲು ಅಷ್ಟು ಮಾತು ಸಾಕು.